ಚಳಿಗಾಲದಲ್ಲಿ ಸೈಕಲ್ ತುಳಿಯುವವರ ಮೊಣಕಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ರಸ್ತೆಗಳಲ್ಲಿ ನಸುಕಿನಲ್ಲಿ ಸೈಕಲ್ ಹತ್ತಿ ಹೊರಡುವವರಲ್ಲಿ ಹಾಲು ಹಾಕುವವರಿದ್ದಾರೆ, ಪತ್ರಿಕೆ ಹಂಚುವ ಹುಡುಗರಿದ್ದಾರೆ, ಮೊದಲ ಪಾಳಿಗೆ ಹೋಗುವ ಕೆಲಸಗಾರರಿದ್ದಾರೆ, ಶಾಲೆಯ ಮಕ್ಕಳಿದ್ದಾರೆ, ಆರೋಗ್ಯಕ್ಕೆಂದು ಕೆಲಗೇರಿ ಕೆರೆಯ ಕಡೆಗೋ ಉಣಕಲ್ ಕೆರೆಯ ಕಡೆಗೋ ಹೋಗಿಬರುವ ನಿವೃತ್ತರೂ ಇದ್ದಾರೆ. ದೀಪಾವಳಿ ಕಳೆದು ಚಳಿ ಬಿದ್ದಿತೆಂದರೆ ಇವರೆಲ್ಲರ ಬಾಯಲ್ಲಿ ಬರುವ ಮಾತು ಮೊಣಕಾಲು ಹಿಡಿದುಕೊಂಡಿತು ಎಂಬುದು. ನಾನು ಈ ಎರಡೂ ಊರುಗಳ ನಡುವೆ ಹಲವು ವರ್ಷ ಸೈಕಲ್ ತುಳಿದವನು, ವೈದ್ಯನಲ್ಲ. ಸಹಸವಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಅನುಭವದಿಂದಲೂ ಓದಿನಿಂದಲೂ ಖಚಿತವಾಗಿ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಕಡೆಯ ಚಳಿ ಮೊಣಕಾಲಿಗೆ ತೊಂದರೆ ಕೊಡುವಷ್ಟು ಇದೆಯೇ?

ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಹೊತ್ತು ಧಾರವಾಡದಲ್ಲಿ ತಾಪಮಾನ ಸಾಮಾನ್ಯವಾಗಿ 13ರಿಂದ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಹಿಮ ಬೀಳುವ ದೇಶದವರಿಗೆ ಇದು ಚಳಿಯೆಂದೇ ಅನಿಸಲಿಕ್ಕಿಲ್ಲ. ಆದರೆ ಆ ದೇಶಗಳಲ್ಲಿ ಕಾಲನ್ನು ಮುಚ್ಚಿಕೊಳ್ಳದೆ ಯಾರೂ ಹೊರಬೀಳುವುದಿಲ್ಲ. ನಮ್ಮಲ್ಲಿ ತಲೆಗೆ ಮಫ್ಲರ್, ಮೈಗೆ ಸ್ವೆಟರ್ ಹಾಕಿಕೊಂಡು, ಕಾಲಿಗೆ ಮಾತ್ರ ತೆಳು ಪ್ಯಾಂಟೋ ಚಡ್ಡಿಯೋ ಸಾಕೆಂದು ಹೊರಡುವವರೇ ಹೆಚ್ಚು.

ಇದರ ಮೇಲೆ ಗಾಳಿಯ ಲೆಕ್ಕವನ್ನೂ ಹಿಡಿಯಬೇಕು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ, ಒಂದು ಎಲೆಯೂ ಅಲುಗದ ದಿನದಲ್ಲಿ ಕೂಡ, ಅಷ್ಟೇ ವೇಗದ ಗಾಳಿ ಎದುರಿನಿಂದ ಬಡಿಯುತ್ತದೆ. ಪ್ರತಿ ಸುತ್ತಿನಲ್ಲೂ ಮೇಲೆದ್ದು ಮುಂದಕ್ಕೆ ಚಾಚುವ ಮೊಣಕಾಲಿಗೆ ಆ ಗಾಳಿ ನೇರವಾಗಿ ತಾಗುತ್ತದೆ. ಚಳಿಗಾಲದಲ್ಲಿ ನಮ್ಮ ಸೀಮೆಯಲ್ಲಿ ಬೀಸುವುದು ಹೆಚ್ಚಾಗಿ ಮೂಡಗಾಳಿಯಾದ್ದರಿಂದ, ಧಾರವಾಡದಿಂದ ಆಗ್ನೇಯಕ್ಕಿರುವ ಹುಬ್ಬಳ್ಳಿಗೆ ಬೆಳಿಗ್ಗೆ ಹೊರಟವರಿಗೆ ಅದು ಎದುರುಗಾಳಿಯಾಗುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ಗದಗ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರುಗಾಳಿ ಕಾಲನ್ನು ತಣ್ಣಗೆ ಮಾಡುವುದಲ್ಲದೆ ಪೆಡಲನ್ನು ಭಾರವೂ ಮಾಡುತ್ತದೆ, ಅಂದರೆ ಮೊಣಕಾಲಿಗೆ ಎರಡೂ ಕಡೆಯಿಂದ ಪೆಟ್ಟು.

ಬೇರೆ ಅಂಗಗಳಿಗಿಂತ ಮೊಣಕಾಲೇ ಮೊದಲು ಹಿಡಿದುಕೊಳ್ಳುವುದೇಕೆ?

ಅಂಗೈಯನ್ನು ತೊಡೆಯ ಮೇಲಿಟ್ಟು ನಿಧಾನವಾಗಿ ಮೊಣಕಾಲಿನ ಕಡೆಗೆ ಸರಿಸಿ ನೋಡಿ. ತೊಡೆಯಲ್ಲಿ ದಪ್ಪ ಮಾಂಸ ಕೈಗೆ ಸಿಗುತ್ತದೆ. ಚಿಪ್ಪಿನ ಹತ್ತಿರ ಬಂದಂತೆ ಅದು ಮುಗಿದುಹೋಗಿ, ಚರ್ಮದ ಕೆಳಗೆ ಚಿಪ್ಪು ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಮಾತ್ರ ಉಳಿಯುತ್ತವೆ. ದುಡಿಯುವ ಸ್ನಾಯು ತಾನೇ ಶಾಖವನ್ನು ಹುಟ್ಟಿಸಿಕೊಳ್ಳುತ್ತದೆ, ಆದ್ದರಿಂದ ಹತ್ತು ನಿಮಿಷ ತುಳಿದರೆ ತೊಡೆ ಬೆಚ್ಚಗಾಗುತ್ತದೆ. ರಜ್ಜುವಿಗೆ ಆ ಶಕ್ತಿಯಿಲ್ಲ, ಅದರೊಳಗಿನ ರಕ್ತಸಂಚಾರವೂ ಕಡಿಮೆ. ಕೀಲಿನಲ್ಲಿ ಎಲುಬಿನ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಗಂತೂ ಸ್ವಂತ ರಕ್ತನಾಳಗಳೇ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ ಒದಗಿಸುತ್ತದೆ. ಹೀಗೆ ತೊಡೆ ಸಿದ್ಧವಾದ ಮೇಲೂ ಮೊಣಕಾಲಿನ ಮುಂಭಾಗ ಇನ್ನೂ ತಣ್ಣಗೆ, ಬಿಗಿಯಾಗಿಯೇ ಇರುತ್ತದೆ. ಆ ಹೊತ್ತಿಗೆ ಕಾಲು ಬಿಸಿಯಾಯಿತೆಂದು ನಾವು ಜೋರು ಮಾಡುತ್ತೇವೆ, ನೋವು ಹುಟ್ಟುವುದು ಅಲ್ಲಿಂದ.

ತಣ್ಣಗಾದ ಸ್ನಾಯು ನಿಧಾನವಾಗಿ ಸಂಕುಚಿಸುತ್ತದೆ, ನರಗಳ ಸಂದೇಶವೂ ನಿಧಾನವಾಗುತ್ತದೆ. ಚರ್ಮ ಮರಗಟ್ಟಿದಾಗ ಸಣ್ಣ ನೋವಿನ ಎಚ್ಚರಿಕೆ ನಮಗೆ ತಲುಪುವುದೇ ಇಲ್ಲ. ಚಳಿಗಾಲದ ಮೊಣಕಾಲು ನೋವು ದಾರಿಯಲ್ಲಿ ಗೊತ್ತಾಗದೆ, ಮನೆಗೆ ಬಂದು ಬಿಸಿನೀರು ಸುರಿದುಕೊಂಡ ಮೇಲೆ, ಇಲ್ಲವೇ ಮಧ್ಯಾಹ್ನ ಮೆಟ್ಟಿಲು ಇಳಿಯುವಾಗ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಚಳಿಯಲ್ಲಿ ಸೈಕಲ್ ತುಳಿದರೆ ಕೀಲು ಸವೆದು ವಾತ ಬರುತ್ತದೆ ಎನ್ನುತ್ತಾರೆ. ನಿಜವೇ?

ಇಲ್ಲ. ಚಳಿ ತಾಗುವುದರಿಂದಲೇ ಮೃದ್ವಸ್ಥಿ ಸವೆಯುವುದಿಲ್ಲ, ಸಂಧಿವಾತವೂ ಹುಟ್ಟುವುದಿಲ್ಲ. ಮೊದಲೇ ಕೀಲುಸವೆತ ಇದ್ದವರಿಗೆ ಚಳಿಯಲ್ಲಿ ಬಿಗಿತ ಮತ್ತು ನೋವಿನ ಅನುಭವ ಹೆಚ್ಚಾಗುತ್ತದೆ ಎಂಬುದು ಬೇರೆ ಮಾತು. ಅನೇಕರು ಅದನ್ನು ಹೇಳುತ್ತಾರೆ, ಅದನ್ನು ನಂಬಲೂಬೇಕು. ನನ್ನ ಅಭಿಪ್ರಾಯ ಇಷ್ಟು: ಮೊಣಕಾಲನ್ನು ಕೆಡಿಸುವುದು ಚಳಿಯಲ್ಲ, ತಣ್ಣಗಿರುವ ಮೊಣಕಾಲಿನಿಂದ ನಾವು ಕೇಳುವ ದುಡಿಮೆ. ಈ ಪುಟದ ಉಳಿದ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಹಾಗಾದರೆ ಹೊರಟ ಮೊದಲ ಕೆಲವು ನಿಮಿಷ ಹೇಗೆ ತುಳಿಯಬೇಕು?

ಮನೆಯೊಳಗೇ ಆರಂಭಿಸುವುದು ಒಳ್ಳೆಯದು. ಬಾಗಿಲು ತೆರೆಯುವ ಮೊದಲು ಐದು ನಿಮಿಷ ನಿಂತಲ್ಲೇ ನಡೆಯುವುದು, ಗೋಡೆ ಹಿಡಿದು ಒಂದೊಂದೇ ಕಾಲನ್ನು ಹಿಂದೆ ಮುಂದೆ ಬೀಸುವುದು, ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಇಷ್ಟು ಸಾಕು. ತಣ್ಣಗಿರುವ ಕಾಲನ್ನು ಬಲವಂತವಾಗಿ ಎಳೆದು ಹಿಗ್ಗಿಸುವ ಅಭ್ಯಾಸ ಬೇಡ. ಹಿಗ್ಗಿಸುವ ವ್ಯಾಯಾಮಕ್ಕೆ ಸವಾರಿ ಮುಗಿದ ಮೇಲಿನ ಹೊತ್ತು ತಕ್ಕದ್ದು.

ಆಮೇಲೆ ಮೊದಲ 15 ನಿಮಿಷ, ಚಳಿ ಹೆಚ್ಚಿದ್ದರೆ 20 ನಿಮಿಷ, ಪೆಡಲಿನ ಮೇಲೆ ಭಾರ ಬೀಳದಂತೆ ತುಳಿಯಬೇಕು. ಗೇರಿನ ಸೈಕಲ್ಲಿದ್ದವರು ಹಗುರ ಗೇರಿಗೆ ಹಾಕಿ, ಕಾಲು ನಿಮಿಷಕ್ಕೆ 80ರಿಂದ 90 ಸುತ್ತು ತಿರುಗುವಂತೆ ನೋಡಿಕೊಳ್ಳಬೇಕು. ಒಂದು ಕಾಲನ್ನಷ್ಟೇ ಗಮನಿಸಿ, 15 ಸೆಕೆಂಡಿನಲ್ಲಿ ಅದು ಎಷ್ಟು ಸಲ ಕೆಳಗೆ ಬಂತೆಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಅದೇ ವೇಗಕ್ಕೆ ಭಾರದ ಗೇರಿನಲ್ಲಿ 50 ಸುತ್ತು ತುಳಿದರೂ ಹೋಗಬಹುದು, ಆದರೆ ಪ್ರತಿ ಸುತ್ತಿಗೂ ಚಿಪ್ಪಿನ ಹಿಂದೆ ಬೀಳುವ ಒತ್ತಡ ಬಹಳ ಹೆಚ್ಚು. ಮಾತನಾಡುತ್ತ ಹೋಗಲು ಸಾಧ್ಯವಾಗುವಷ್ಟು ನಿರಾಳವಾಗಿ ತುಳಿಯುವುದು ಈ ಹಂತದ ಅಳತೆ.

ದಾರಿಯ ಆಯ್ಕೆಯೂ ಮುಖ್ಯ. ಧಾರವಾಡ ಗುಡ್ಡಗಳ ಮೇಲೆ ಹರಡಿದ ಊರು. ಮನೆಯ ಓಣಿ ದಾಟಿದ ಕೂಡಲೇ ಏರು ಎದುರಾಗುವುದುಂಟು. ಕರ್ನಾಟಕ ವಿಶ್ವವಿದ್ಯಾಲಯದ ಏರನ್ನೋ ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನೋ ಹತ್ತುವ ಆಸೆಯಿದ್ದರೆ, ಮೊದಲು ಸಮತಟ್ಟಾದ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಸುತ್ತಿ ಬಂದು ಆಮೇಲೆ ಹತ್ತಿರಿ. ಬೇರೆ ದಾರಿಯೇ ಇಲ್ಲದಿದ್ದರೆ ಮೊದಲ ಏರನ್ನು ಸೈಕಲ್ ತಳ್ಳಿಕೊಂಡು ನಡೆದು ಹತ್ತುವುದರಲ್ಲಿ ಅವಮಾನವೇನೂ ಇಲ್ಲ, ಆ ನಡಿಗೆಯೇ ಮೊಣಕಾಲನ್ನು ಬೆಚ್ಚಗೆ ಮಾಡುತ್ತದೆ.

ಇಳಕಲಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಇಳಿಯುವಾಗ ಕಾಲನ್ನು ಸುಮ್ಮನೆ ನಿಲ್ಲಿಸಿದರೆ ಸ್ನಾಯು ಶಾಖ ಹುಟ್ಟಿಸುವುದಿಲ್ಲ, ವೇಗ ಏರಿದ್ದರಿಂದ ಗಾಳಿ ಮಾತ್ರ ಇನ್ನೂ ಜೋರಾಗಿ ಬಡಿಯುತ್ತದೆ. ಇಳಿದು ಮುಗಿದ ಕೂಡಲೇ ಬರುವ ಏರಿಗೆ ಮೊಣಕಾಲು ಮತ್ತೆ ತಣ್ಣಗಾಗಿರುತ್ತದೆ. ಇಳಕಲಿನಲ್ಲೂ ಭಾರವಿಲ್ಲದೆ ಕಾಲನ್ನು ತಿರುಗಿಸುತ್ತಲೇ ಇರಬೇಕು.

ನನ್ನದು ಗೇರಿಲ್ಲದ ಹಳೆಯ ಸೈಕಲ್ಲು. ಹಗುರವಾಗಿ ತುಳಿಯುವುದು ಹೇಗೆ?

ಈ ಪ್ರಶ್ನೆ ಕೇಳುವವರೇ ನಿಜವಾಗಿ ಹೆಚ್ಚು ದುಡಿಯುವವರು, ಅದಕ್ಕಾಗಿ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಪೆಡಲಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಗಾಲಿಯ ಹಲ್ಲುಚಕ್ರವಾದ ಫ್ರೀವೀಲಿಗೆ 18 ಹಲ್ಲು ಇರುವ 28 ಇಂಚಿನ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಅದರ ಮೇಲೆ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋದರೆ ಕಾಲು ನಿಮಿಷಕ್ಕೆ 46 ಸುತ್ತಷ್ಟೇ ತಿರುಗುತ್ತದೆ. ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು, ಎದುರುಗಾಳಿಯಲ್ಲಿ, ನಸುಕಿನ ಚಳಿಯಲ್ಲಿ ಅಷ್ಟು ನಿಧಾನವಾಗಿ ಒತ್ತಿ ಒತ್ತಿ ತುಳಿಯುವವರ ಮೊಣಕಾಲಿನ ಪಾಡು ಎಂಥದೆಂಬುದನ್ನು ಊಹಿಸಬಹುದು.

ಇದಕ್ಕೆ ಕಡಿಮೆ ಖರ್ಚಿನ ಪರಿಹಾರವೊಂದಿದೆ. ಹಿಂದಿನ ಫ್ರೀವೀಲನ್ನು 18ರ ಬದಲು 20 ಹಲ್ಲಿನದಕ್ಕೆ ಬದಲಾಯಿಸಿದರೆ, ಒಂದು ಸುತ್ತಿಗೆ ಹೋಗುವ ದೂರ ಸುಮಾರು 4.8 ಮೀಟರಿಗೆ ಇಳಿದು ಪ್ರತಿ ತುಳಿತವೂ ಹತ್ತರಲ್ಲೊಂದು ಪಾಲು ಹಗುರವಾಗುತ್ತದೆ. ಓಣಿಯ ಸೈಕಲ್ ರಿಪೇರಿಯವರು ಇದನ್ನು ಮಾಡಿಕೊಡುತ್ತಾರೆ. ಚೈನಿಗೆ ಒಂದು ಕೊಂಡಿ ಸೇರಿಸಬೇಕಾಗಬಹುದು ಅಥವಾ ಹಿಂದಿನ ಗಾಲಿಯನ್ನು ತುಸು ಮುಂದಕ್ಕೆ ಸರಿಸಿದರೆ ಸಾಕಾಗಬಹುದು. ಚೈನಿಗೆ ಎಣ್ಣೆ, ಗಾಲಿಗೆ ಸರಿಯಾದ ಗಾಳಿ, ಬ್ರೇಕಿನ ರಬ್ಬರು ರಿಮ್ಮಿಗೆ ತಾಗದಿರುವುದು, ಇವೂ ಮೊಣಕಾಲಿನ ಆರೈಕೆಯೇ. ತುಳಿಯುವಾಗ ಒಂದು ಕಡೆ ಮಾತ್ರ ಕಟಕ್ ಎಂದು ಸದ್ದು ಬರುತ್ತಿದ್ದರೆ ಪೆಡಲಿನ ತೋಳನ್ನು ನಡು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನನ್ನು ನೋಡಿಸಿ. ಅದು ಸವೆದರೆ ಎರಡೂ ಪೆಡಲುಗಳು ಒಂದೇ ನೇರದಲ್ಲಿ ನಿಲ್ಲುವುದಿಲ್ಲ, ಪ್ರತಿ ಸುತ್ತಿನಲ್ಲೂ ಒಂದು ಮೊಣಕಾಲು ಜರ್ಕು ತಿನ್ನುತ್ತದೆ. ಬಾಗಿದ ಪೆಡಲು ಪಾದವನ್ನು ಓರೆಯಾಗಿ ಹಿಡಿದು ಮೊಣಕಾಲನ್ನೇ ತಿರುಚುತ್ತದೆ.

ಎಷ್ಟು ಚಳಿಯಿದ್ದರೆ ಮೊಣಕಾಲನ್ನು ಮುಚ್ಚಬೇಕು? ಏನು ಹಾಕಿಕೊಳ್ಳಬೇಕು?

ತಾಪಮಾನ 18 ಡಿಗ್ರಿಗಿಂತ ಕೆಳಗಿದ್ದರೆ ಮೊಣಕಾಲನ್ನು ಮುಚ್ಚಿಕೊಳ್ಳಬೇಕು ಎಂಬುದು ಸೈಕಲ್ ಸವಾರರಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಇದು ಪ್ರಯೋಗಶಾಲೆಯಲ್ಲಿ ಗೊತ್ತುಮಾಡಿದ ಗಡಿಯಲ್ಲ, ಅನುಭವದ ಅಳತೆ. ಈ ಅಳತೆಯನ್ನು ಒಪ್ಪಿದರೆ ನಮ್ಮಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗೆ ಬೆಳಿಗ್ಗೆ 8 ಗಂಟೆಯೊಳಗೆ ಹೊರಡುವ ಹೆಚ್ಚುಕಡಿಮೆ ಎಲ್ಲರೂ ಮುಚ್ಚಿಕೊಳ್ಳಬೇಕಾಗುತ್ತದೆ.

ಸೈಕಲ್ ಸಾಮಾನಿನ ಅಂಗಡಿಗಳಲ್ಲಿ ನೀ ವಾರ್ಮರ್ ಎಂದು ಕೇಳಿದರೆ, ಒಳಗೆ ನುಣುಪಾದ ರೋಮವಿರುವ, ತೊಡೆಯ ಮೇಲೆ ಜಾರದಂತೆ ಸಿಲಿಕೋನ್ ಪಟ್ಟಿಯಿರುವ ಬಟ್ಟೆಯ ಕೊಳವೆಗಳು ಸಿಗುತ್ತವೆ. ಕೊಳ್ಳುವ ಅನುಕೂಲವಿದ್ದರೆ ಒಳ್ಳೆಯದು. ನಾನು ಎರಡು ಚಳಿಗಾಲ ಹಳೆಯ ಉಣ್ಣೆಯ ಸ್ವೆಟರಿನ ತೋಳುಗಳಲ್ಲೇ ಕಳೆದಿದ್ದೇನೆ. ಮಾಡುವ ವಿಧಾನ ಹೀಗಿದೆ: ಎರಡೂ ತೋಳುಗಳನ್ನು ಭುಜದ ಹೊಲಿಗೆಯಲ್ಲಿ ಕತ್ತರಿಸಿ, ಮಣಿಕಟ್ಟಿನ ಬಿಗಿಯಾದ ಪಟ್ಟಿಯನ್ನೂ ಕತ್ತರಿಸಿ ತೆಗೆಯಬೇಕು, ಏಕೆಂದರೆ ಅದು ಮೀನಖಂಡವನ್ನು ಬಿಗಿದು ಕೆಂಪು ಗೆರೆ ಮೂಡಿಸುತ್ತದೆ. ಅಗಲದ ಬಾಯಿ ತೊಡೆಯ ಕಡೆಗೆ ಬರಲಿ. ಚಿಪ್ಪಿನ ಮೇಲೆ ಒಂದು ಗೇಣು, ಕೆಳಗೆ ನಾಲ್ಕು ಬೆರಳು ಉದ್ದ ಇಟ್ಟುಕೊಂಡು, ಎರಡೂ ಅಂಚುಗಳನ್ನು ಎಳೆ ಬಿಚ್ಚಿಕೊಳ್ಳದಂತೆ ಮಡಚಿ ಹೊಲಿದು, ಮೇಲಿನ ಅಂಚಿನೊಳಗೆ ಅಗಲವಾದ ಇಲಾಸ್ಟಿಕ್ ತೂರಿಸಬೇಕು. ತೋಳಿನ ಉದ್ದನೆಯ ಹೊಲಿಗೆ ಕಾಲಿನ ಹೊರಬದಿಗೆ ಬರುವಂತೆ ಹಾಕಿಕೊಳ್ಳಿ. ಮಂಡಿಯ ಹಿಂದಿನ ಮಡಿಕೆಗೆ ಬಂದರೆ ಒಂದು ಗಂಟೆಯಲ್ಲಿ ಚರ್ಮ ಕೆಂಪಾಗುತ್ತದೆ. ಮೇಲೆ ಮಾಮೂಲಿ ಪ್ಯಾಂಟು ಹಾಕಿಕೊಂಡರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಉಣ್ಣೆ ಬೆಚ್ಚಗಿಟ್ಟರೂ ಅದರ ಕಣ್ಣುಗಳಲ್ಲಿ ಗಾಳಿ ನುಗ್ಗುತ್ತದೆ. ಮೂಡಗಾಳಿ ಜೋರಾಗಿರುವ ದಿನ ಹಳೆಯ ಪತ್ರಿಕೆಯ ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಉಣ್ಣೆಯ ಕೊಳವೆ ಮತ್ತು ಪ್ಯಾಂಟಿನ ನಡುವೆ ಮೊಣಕಾಲಿನ ಮುಂಭಾಗಕ್ಕೆ ಇಟ್ಟುಕೊಂಡರೆ ಗಾಳಿ ತಡೆಯುತ್ತದೆ. ಗುಡ್ಡ ಇಳಿಯುವ ಮೊದಲು ಎದೆಯ ಮೇಲೆ ಪತ್ರಿಕೆ ಇಟ್ಟುಕೊಳ್ಳುವುದು ಯುರೋಪಿನ ಪಂದ್ಯಗಳ ಸವಾರರಲ್ಲೂ ಇದ್ದ ಹಳೆಯ ರೂಢಿ. ಬೆವರಿನಿಂದ ಹಾಳೆ ಒದ್ದೆಯಾದ ಕೂಡಲೇ ತೆಗೆದುಬಿಡಿ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ನೀ ಕ್ಯಾಪ್ ಹಾಕಿಕೊಳ್ಳಬಹುದೇ?

ಅದು ಆಧಾರಕ್ಕೆಂದು ಮಾಡಿದ್ದು, ಬೆಚ್ಚಗಿಡಲಿಕ್ಕೆಂದು ಅಲ್ಲ. ನಡೆಯುವಾಗ ಹಿತವೆನಿಸಿದರೂ, ಗಂಟೆಗೆ ಸಾವಿರಾರು ಸಲ ಮಡಚಿ ಬಿಚ್ಚುವ ಮೊಣಕಾಲಿನ ಮೇಲೆ ಬಿಗಿಯಾದ ಕ್ಯಾಪು ಚಿಪ್ಪನ್ನು ಒತ್ತುತ್ತದೆ, ಹಿಂಬದಿಯಲ್ಲಿ ಸುರುಟಿಕೊಂಡು ಉಜ್ಜುತ್ತದೆ. ವೈದ್ಯರು ಹೇಳಿದ್ದರೆ ಹಾಕಿಕೊಳ್ಳಿ. ಚಳಿಗೆಂದೇ ಆದರೆ ಸಡಿಲವಾದ ಬಟ್ಟೆಯ ಕೊಳವೆಯೇ ಮೇಲು.

ಸೀರೆ, ಚೂಡಿದಾರ, ಶಾಲೆಯ ಸಮವಸ್ತ್ರ ತೊಟ್ಟವರು ಏನು ಮಾಡಬೇಕು?

ಸೀರೆ, ಸ್ಕರ್ಟುಗಳ ಒಳಗೆ ದಪ್ಪನೆಯ ಲೆಗ್ಗಿಂಗ್ಸ್ ಹಾಕಿಕೊಳ್ಳುವುದು ಸುಲಭದ ದಾರಿ. ಮಕ್ಕಳ ಬಗ್ಗೆ ಮಾತ್ರ ಒಂದು ಮಾತು ಹೆಚ್ಚಾಗಿ ಹೇಳಬೇಕು. 2006–07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಎಂಟನೆಯ ತರಗತಿಯ ಲಕ್ಷಾಂತರ ಮಕ್ಕಳಿಗೆ ಉಚಿತ ಸೈಕಲ್ಲು ಸಿಕ್ಕಿತು. ಆ ಸೈಕಲ್ಲುಗಳು ಅಣ್ಣನಿಂದ ತಂಗಿಗೆ, ತಂಗಿಯಿಂದ ತಮ್ಮನಿಗೆ ಕೈ ಬದಲಾಯಿಸಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಓಡುತ್ತಿವೆ. ಕೈ ಬದಲಾದಾಗ ಸೀಟಿನ ಎತ್ತರ ಬದಲಾಗುವುದು ಅಪರೂಪ. ಬೆಳೆಯುವ ವಯಸ್ಸಿನಲ್ಲಿ ಮಗುವಿನ ಕಾಲು ವರ್ಷಕ್ಕೆ ಹಲವು ಸೆಂಟಿಮೀಟರ್ ಉದ್ದವಾಗುತ್ತದೆ. ಚಿಪ್ಪಿನ ಕೆಳಗಿನ ಎಲುಬು ಉಬ್ಬಿ, ಮುಟ್ಟಿದರೆ ನೋವೆಂದು ಹತ್ತರಿಂದ ಹದಿನೈದು ವರ್ಷದ ಮಕ್ಕಳು ಹೇಳಿದರೆ ಚಳಿಯ ನೆಪ ಹೇಳಿ ಸುಮ್ಮನಾಗಬೇಡಿ. ಬೆಳವಣಿಗೆಯ ಕಾಲದಲ್ಲಿ ರಜ್ಜು ಎಲುಬನ್ನು ಎಳೆಯುವುದರಿಂದ ಹೀಗಾಗುವುದುಂಟು, ವೈದ್ಯರಿಗೆ ತೋರಿಸಬೇಕು. ಮೂರು ತಿಂಗಳಿಗೊಮ್ಮೆ ಪಾಲಕರೇ ಪಾನಾ ಹಿಡಿದು ಮಗುವಿನ ಸೀಟನ್ನು ನೋಡಿದರೆ ಎಷ್ಟೋ ನೋವು ತಪ್ಪುತ್ತದೆ.

ಹೊರಡುವ ಮೊದಲು ಎಣ್ಣೆ ಅಥವಾ ನೋವಿನ ಮುಲಾಮು ಹಚ್ಚಿಕೊಂಡರೆ ಸಾಕಾಗುವುದಿಲ್ಲವೇ?

ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಹತ್ತು ನಿಮಿಷ ತಿಕ್ಕಿದರೆ, ಆ ತಿಕ್ಕುವಿಕೆಯಿಂದ ಮೊಣಕಾಲು ಹಗುರವೆನಿಸುತ್ತದೆ, ಅದು ಒಳ್ಳೆಯ ಅಭ್ಯಾಸ. ಆದರೆ ಎಣ್ಣೆಯ ತೆಳು ಪದರ ಗಾಳಿಯನ್ನು ತಡೆಯುವುದಿಲ್ಲ. ಮುಲಾಮಿನ ಬಿಸಿಯಂತೂ ಚರ್ಮದ ಅನುಭವ ಮಾತ್ರ; ಮೆಂಥಾಲ್, ಕರ್ಪೂರ, ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಇವು ಬಿಸಿ, ತಂಪುಗಳನ್ನು ಗುರುತಿಸುವ ನರಗಳನ್ನು ಕೆಣಕುತ್ತವೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಎತ್ತಿದವರ ಕೈ ಉರಿಯುತ್ತದೆ, ಹಾಗೆಂದು ಕೈಯೊಳಗಿನ ಕೀಲು ಬಿಸಿಯಾಗಿರುವುದಿಲ್ಲ. ಮುಲಾಮು ಹಚ್ಚಿದ ಮೇಲೆ ಬಿಗಿಯಾದ ಬಟ್ಟೆ ಸುತ್ತಿದರೆ ಚರ್ಮ ಸುಟ್ಟಂತಾಗುವ ಅಪಾಯವೂ ಇದೆ.

ನೋವಿನ ಮಾತ್ರೆ ನುಂಗಿ ಹೊರಡುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅದು ನೋವನ್ನು ಮರೆಸಿ, ನಿಲ್ಲಬೇಕಾದಲ್ಲಿ ನಿಲ್ಲದಂತೆ ಮಾಡುತ್ತದೆ. ದಿನವೂ ತೆಗೆದುಕೊಂಡರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ.

ಸೀಟಿನ ಎತ್ತರಕ್ಕೂ ಚಳಿಗೂ ಏನು ಸಂಬಂಧ?

ಬೇಸಿಗೆಯಲ್ಲಿ ಮೊಣಕಾಲು ಸಹಿಸಿಕೊಂಡ ತಪ್ಪನ್ನು ಚಳಿಗಾಲದಲ್ಲಿ ಅದು ಸಹಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ನನ್ನ ಎಡ ಮೊಣಕಾಲಿನ ಮುಂಭಾಗ ನೋಯತೊಡಗಿತು. ನವಲೂರಿನ ಹತ್ತಿರದ ಏರಿನಲ್ಲಿ ಚಿಪ್ಪಿನ ಕೆಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಚಳಿಯೆಂದುಕೊಂಡು ಮೂರು ವಾರ ಹಾಗೆಯೇ ತುಳಿದೆ. ಒಂದು ಭಾನುವಾರ ಸೈಕಲ್ ತೊಳೆಯುವಾಗ ಸೀಟಿನ ಕಂಬದ ಮೇಲೆ ಹಳೆಯ ಗೆರೆಯೊಂದನ್ನು ಹುಡುಕಿದೆ, ಅದು ಕಾಣಲಿಲ್ಲ. ನಟ್ಟು ಸಡಿಲವಾಗಿ ಕಂಬವು ದಿನಕ್ಕಿಷ್ಟು ಜಾರಿ, ಎರಡು ಸೆಂಟಿಮೀಟರಿಗೂ ಹೆಚ್ಚು ಒಳಗಿಳಿದಿತ್ತು. ಅದನ್ನು ಮೇಲೆತ್ತಿ, ಹತ್ತು ದಿನ ಸೈಕಲ್ ಮುಟ್ಟದೆ ಬಿಟ್ಟು, ಆಮೇಲೆ ಹಗುರವಾಗಿ ಆರಂಭಿಸಿದ ಮೇಲೆ ನೋವು ಹೋಯಿತು. ಅಂದಿನಿಂದ ಕಂಬಕ್ಕೆ ಕರೆಂಟಿನ ಕೆಲಸದವರು ಬಳಸುವ ಕಪ್ಪು ಟೇಪನ್ನು ಒಂದು ಸುತ್ತು ಸುತ್ತಿಟ್ಟಿದ್ದೇನೆ, ಟೇಪಿನ ಅಂಚು ಚೌಕಟ್ಟಿನೊಳಗೆ ಹೋಗಲು ಶುರುವಾದರೆ ಕೂಡಲೇ ಗೊತ್ತಾಗುತ್ತದೆ.

ಎತ್ತರವನ್ನು ಸರಿಪಡಿಸಲು ಸುಲಭದ ವಿಧಾನ ಹೀಗಿದೆ. ಗೋಡೆಗೆ ಆನಿಸಿ ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲನ್ನು ಪೂರ್ತಿ ಕೆಳಕ್ಕೆ ತನ್ನಿರಿ. ಸೊಂಟ ವಾಲದೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗವನ್ನು ಪೆಡಲಿನ ಮೇಲಿಟ್ಟರೆ ಮೊಣಕಾಲಿನಲ್ಲಿ 25ರಿಂದ 35 ಡಿಗ್ರಿಗಳಷ್ಟು ಬಾಗು ಉಳಿಯುತ್ತದೆ, ಬೇಕಾದದ್ದು ಅಷ್ಟೇ. ಅಳತೆಪಟ್ಟಿ ಹಿಡಿದೇ ನೋಡಬೇಕೆನ್ನುವವರು ತೊಡೆಸಂದಿನಿಂದ ನೆಲದವರೆಗಿನ ಉದ್ದವನ್ನು 0.883ರಿಂದ ಗುಣಿಸಬಹುದು, 80 ಸೆಂಟಿಮೀಟರ್ ಇದ್ದವರಿಗೆ ಪೆಡಲಿನ ತೋಳುಗಳೆರಡೂ ಸೇರುವ ನಡು ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗೆ 70.6 ಸೆಂಟಿಮೀಟರ್ ಬರುತ್ತದೆ. ಒಂದೇ ಸಲಕ್ಕೆ ಅಷ್ಟೂ ಬದಲಾಯಿಸದೆ, ವಾರಕ್ಕೆ ಅರ್ಧ ಸೆಂಟಿಮೀಟರಿನಂತೆ ಏರಿಸಿರಿ. ಕುಳಿತಲ್ಲಿಂದ ಎರಡೂ ಕಾಲು ನೆಲಕ್ಕೆ ಊರಬೇಕೆಂದು ಸೀಟನ್ನು ತಗ್ಗಿಸಿಡುವವರು ಬಹಳ ಜನ. ಸಂತೆಯ ಗದ್ದಲದಲ್ಲಿ ಅದು ಧೈರ್ಯ ಕೊಡುತ್ತದೆ ನಿಜ, ಆದರೆ ಮೊಣಕಾಲು ಅದರ ಬೆಲೆ ತೆರುತ್ತದೆ.

ನೋವು ಯಾವ ಕಡೆಗಿದೆ ಎಂಬುದರಿಂದ ಕಾರಣ ತಿಳಿಯುವುದೇ?

ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಚಿಪ್ಪಿನ ಸುತ್ತ ಅಥವಾ ಮುಂಭಾಗದಲ್ಲಿ ನೋವಿದ್ದರೆ ಸೀಟು ತಗ್ಗಾಗಿರಬಹುದು, ಮುಂದಕ್ಕೆ ಸರಿದಿರಬಹುದು ಅಥವಾ ಭಾರದ ಗೇರಿನಲ್ಲಿ ತುಳಿದಿರಬಹುದು. ಮಂಡಿಯ ಹಿಂದೆ ಎಳೆದಂತಾದರೆ ಸೀಟು ಅತಿ ಎತ್ತರವಾಗಿರುವ ಸಂಭವ ಹೆಚ್ಚು. ಹೊರಬದಿಯ ನೋವು ಸೊಂಟದಿಂದ ಮೊಣಕಾಲಿನ ಹೊರಗೆ ಇಳಿಯುವ ಉದ್ದನೆಯ ಪಟ್ಟಿ ಉಜ್ಜುವುದರಿಂದ ಬರುತ್ತದೆ. ಪಾದವನ್ನು ಬಲವಂತವಾಗಿ ಒಳಕ್ಕೆ ತಿರುಗಿಸಿ ತುಳಿಯುವವರಲ್ಲಿ ಇದು ಹೆಚ್ಚು. ಒಳಬದಿಗೆ ನೋವಿದ್ದರೆ ಪಾದ ಹೊರಕ್ಕೆ ತಿರುಗಿದೆಯೇ ಎಂದು ನೋಡಿಕೊಳ್ಳಿ.

ಮಳೆಗಾಲಕ್ಕೂ ಇದೇ ಮಾತು ಅನ್ವಯಿಸುವುದೇ?

ಖಂಡಿತ. ಜುಲೈ, ಆಗಸ್ಟ್ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತಾಪಮಾನ 20ರ ಮೇಲಿದ್ದರೂ, ಒದ್ದೆ ಪ್ಯಾಂಟು ಮೊಣಕಾಲಿಗೆ ಅಂಟಿಕೊಂಡು, ಗಾಳಿಗೆ ಆರುತ್ತ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಮೊಣಕಾಲಿನ ಕೆಳಗೂ ಬರುವಂಥ ಮಳೆ ಪ್ಯಾಂಟು ಹಾಕಿಕೊಂಡು, ಒಣ ಬಟ್ಟೆಯ ಜೊತೆಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಂಡು ಹೋಗಿ, ತಲುಪಿದ ಕೂಡಲೇ ಬದಲಾಯಿಸಿಕೊಳ್ಳಿರಿ.

ಚಳಿಯಲ್ಲಿ ನೀರು ಕುಡಿಯುವ ಅಗತ್ಯವಿದೆಯೇ?

ಇದೆ. ಬಾಯಾರಿಕೆ ಗೊತ್ತಾಗದಿದ್ದರೂ ಒಣಗಾಳಿಯಲ್ಲಿ ಬೆವರು ಕಾಣದಂತೆಯೇ ಆರಿಹೋಗುತ್ತದೆ. ಹೊರಡುವ ಮೊದಲು ಒಂದು ಲೋಟ ಬೆಚ್ಚಗಿನ ನೀರು, ತಾಸಿಗೊಮ್ಮೆ ಅರ್ಧ ಬಾಟಲಿ ಸಾಕು.

ತಲುಪಿದ ಮೇಲೆ ಬಿಸಿ ಕಾವು ಕೊಡಬೇಕೋ, ಐಸ್ ಇಡಬೇಕೋ?

ಬಿಗಿತ ಮಾತ್ರವಿದ್ದರೆ ಬಿಸಿ ಕಾವು, ಬಾವು ಬಂದಿದ್ದರೆ ಐಸ್. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷಕ್ಕಿಂತ ಹೆಚ್ಚು ಇಡದಿರುವುದು ಸರಿ. ಎರಡಕ್ಕಿಂತ ಮುಖ್ಯವಾದದ್ದು, ಕೊನೆಯ ಐದು ನಿಮಿಷ ಹಗುರವಾಗಿ ತುಳಿದು ನಿಲ್ಲಿಸುವುದು ಮತ್ತು ಬೆವರಿನ ಬಟ್ಟೆಯಲ್ಲೇ ಚಹಾದ ಅಂಗಡಿಯ ಮುಂದೆ ತಾಸುಗಟ್ಟಲೆ ನಿಲ್ಲದಿರುವುದು. ಕಾಲು ಬಿಸಿಯಿರುವಾಗಲೇ ತೊಡೆಯ ಮುಂದಿನ, ಹಿಂದಿನ ಸ್ನಾಯುಗಳನ್ನು ಅರ್ಧ ಅರ್ಧ ನಿಮಿಷ ಹಿಗ್ಗಿಸಿರಿ.

ನನಗೆ 62 ವರ್ಷ, ಮೊಣಕಾಲು ಸವೆದಿದೆ ಎಂದು ಹೇಳಿದ್ದಾರೆ. ಚಳಿಗಾಲದಲ್ಲಿ ಸೈಕಲ್ ಬಿಡಬೇಕೇ?

ಬಿಡಬೇಕಾಗಿಲ್ಲ. ಮೈಭಾರದ ಬಹುಪಾಲನ್ನು ಸೀಟು ಹೊರುವುದರಿಂದ, ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಸೈಕಲ್ ತುಳಿಯುವುದು ಸವೆದ ಮೊಣಕಾಲಿಗೆ ಸಾಮಾನ್ಯವಾಗಿ ವೈದ್ಯರೇ ಹೇಳುವ ವ್ಯಾಯಾಮಗಳಲ್ಲಿ ಒಂದು. ಕಾಲಾಡಿಸುವುದನ್ನು ನಿಲ್ಲಿಸಿದರೆ ತೊಡೆಯ ಸ್ನಾಯು ಸೊರಗಿ ಮೊಣಕಾಲಿಗೆ ಇನ್ನೂ ತೊಂದರೆ. ನಸುಕಿನ ಐದು ಗಂಟೆಯ ಬದಲು ಬಿಸಿಲು ಏರಿದ ಎಂಟೂವರೆಗೆ ಹೊರಡಿ. ನಮ್ಮಲ್ಲಿ ಚಳಿಗಾಲದ ಬಿಸಿಲು ಬೇಗ ಕಾಯುತ್ತದೆ, ಎರಡು ಮೂರು ಗಂಟೆಯಲ್ಲಿ ಎಂಟು ಹತ್ತು ಡಿಗ್ರಿ ಏರುವುದು ಸಾಮಾನ್ಯ. ಏರುಗಳನ್ನು ಬಿಟ್ಟುಬಿಡಿ. ಸವಾರಿಯ ಮರುದಿನ ಬೆಳಿಗ್ಗೆ ನೋವು ಹಿಂದಿಗಿಂತ ಹೆಚ್ಚಾಗಿದ್ದರೆ ದೂರವನ್ನು ಅರ್ಧಕ್ಕಿಳಿಸಿ, ಹೆಚ್ಚಾಗದಿದ್ದರೆ ಅದೇ ದೂರವನ್ನು ಇನ್ನೊಂದು ವಾರ ಮುಂದುವರಿಸಿ.

ಯಾವಾಗ ವೈದ್ಯರ ಬಳಿ ಹೋಗಲೇಬೇಕು?

ಮೊಣಕಾಲು ಊದಿಕೊಂಡರೆ, ಮಡಚಿದ ಕಾಲು ಬಿಚ್ಚದೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಮೊಣಕಾಲು ತಟ್ಟನೆ ಕುಸಿದಂತಾದರೆ, ಭಾರ ಹಾಕಿ ನಿಲ್ಲಲಾಗದಿದ್ದರೆ, ಮಲಗಿದಾಗಲೂ ನೋವು ನಿದ್ದೆ ಕೆಡಿಸಿದರೆ ತಡಮಾಡಬಾರದು. ಕೀಲು ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಜ್ವರವೂ ಬಂದಿದ್ದರೆ ಅದೇ ದಿನ ಹೋಗಬೇಕು, ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ಹಾಗೆಯೇ. ಇವು ಯಾವುವೂ ಇಲ್ಲದ ಮಾಮೂಲಿ ನೋವು ಎರಡು ವಾರ ಹಗುರವಾಗಿ ತುಳಿದರೂ, ಸೀಟು ಸರಿಪಡಿಸಿದರೂ ಇಳಿಯದಿದ್ದರೆ ಎಲುಬು-ಕೀಲು ತಜ್ಞರಿಗೋ ಫಿಸಿಯೋಥೆರಪಿಸ್ಟರಿಗೋ ತೋರಿಸಿರಿ. ಹೋಗುವಾಗ ನೋವು ಯಾವ ಕಡೆಗಿದೆ, ಹೊರಟು ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಏರಿನಲ್ಲೋ ಇಳಕಲಿನಲ್ಲೋ ಮೆಟ್ಟಿಲಿನಲ್ಲೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಸೀಟಿನ ಎತ್ತರದ ಅಳತೆಯನ್ನೂ ಅದರಲ್ಲೇ ಬರೆದುಕೊಂಡು ಹೋಗಿ.